ಕೆಂಪು ಅಂದ್ರೆ ಬಿಸಿ

ತಂಗಿ ಅಣ್ಣನ ಟೀ ಶರ್ಟಿನ ಒಳಮೈ ಹೊರಗೆ ಮಾಡಿ ಇಸ್ತ್ರಿ ಹಾಕುತ್ತಿದ್ದಳು. ಚಿಕ್ಕಪ್ಪ ಬಾಗಿಲಲ್ಲೇ ನಿಂತು ಗೊಣಗಿದರು.

"ಸತ್ತವನಿಗೆ ಟೀ ಶರ್ಟ್ ಹಾಕ್ತಾರೇನಮ್ಮಾ? ಒಂದು ಬಿಳಿ ಶರ್ಟ್ ಇಲ್ವಾ ಮನೇಲಿ?"

"ಇತ್ತು ಚಿಕ್ಕಪ್ಪ. ಅದರ ಮೇಲೂ ಅಣ್ಣ ಏನೋ ಚಿತ್ರ ಬರೆದಿಟ್ಟಿದ್ದಾನೆ."

ಚಿಕ್ಕಪ್ಪ ತಲೆ ಕೆರೆದುಕೊಂಡು ಹೊರಗೆ ನಡೆದರು.

ಇಪ್ಪತ್ತೆಂಟು ವರ್ಷ ಅಣ್ಣನ ಅಂಗಡಿಯಲ್ಲಿ ಬಣ್ಣ ಕಲಸಿದವಳು ಅವಳು. ಅಣ್ಣ ಚಿತ್ರ ಬರೆಯುತ್ತಿದ್ದ. ಇಬ್ಬರೂ ಸೇರಿ ಬಟ್ಟೆಯ ಮೇಲೆ ಅಚ್ಚು ಹಾಕುತ್ತಿದ್ದರು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದು 'ಬಣ್ಣದಣ್ಣ' ಎಂದು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ನಗು. ಬಣ್ಣದಣ್ಣನಿಗೆ ಕೆಂಪು ಯಾವುದು, ಹಸಿರು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅದು ತನ್ನೊಬ್ಬಳಿಗೇ ಗೊತ್ತು ಎಂದು ಅವಳ ಹೆಮ್ಮೆ. ಬಾಯಿಬಿಟ್ಟರೆ ಅಣ್ಣನ ಬಣ್ಣ ಬಯಲಾಗುತ್ತದೆ ಎಂದು ಇಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

*

ಅಂಗಡಿ ತೆರೆದ ಹೊಸತು. ಓಟಗಾರರ ತಂಡವೊಂದು ಮೊದಲ ಆರ್ಡರು ಕೊಟ್ಟಿತ್ತು, ಟೀ ಶರ್ಟಿನ ಮೇಲೆ ಚಿತ್ರ ಕೆಂಪಾಗಿರಬೇಕು ಎಂದು. ಅಣ್ಣ ಬಣ್ಣದ ಎರಡು ಡಬ್ಬಿ ಮುಂದಿಟ್ಟುಕೊಂಡು ತಲೆಮೇಲೆ ಕೈಹೊತ್ತು ಕೂತಿದ್ದ.

"ಎರಡೂ ಒಂದೇ ಥರ ಕಾಣ್ತಿದೆ ಕಣೇ. ಈ ಕೆಲಸ ನನ್ನಿಂದಾಗಲ್ಲ. ಮುಚ್ಚಿಬಿಡೋಣ."

ಆಗ ಅವಳಿಗೆ ಹತ್ತೊಂಬತ್ತು. ಏನು ತೋಚಿತೋ, ಅಣ್ಣನ ಅಂಗೈ ಹಿಡಿದು ಕಾದ ಇಸ್ತ್ರಿಪೆಟ್ಟಿಗೆಯ ಹತ್ತಿರಕ್ಕೆ ಒಯ್ದಳು. ಅವನು ಥಟ್ಟನೆ ಕೈ ಎಳೆದುಕೊಂಡ.

"ಇದು ಕೆಂಪು," ಎಂದಳು. ಕಿಟಕಿಯ ಕುಂಡದಿಂದ ಒಂದು ಎಲೆ ಚಿವುಟಿ, ಹೊಸಕಿ, ಅವನ ಮೂಗಿಗೆ ಹಿಡಿದಳು. "ಇದು ಹಸಿರು. ಈಗ ಬರಿ."

ಬಿಸಿಗೆ ಬೆದರಿ ಬೆರಳರಳಿಸಿದ ಒಂದು ಅಂಗೈ ಬರೆದ ಅಣ್ಣ. ಅವಳು ಕಲಸಿದ ಕೆಂಪಿನಲ್ಲಿ ಅದು ಅಚ್ಚಾಗಿ ಬಂದಾಗ, ತೊಟ್ಟವರು ಎದೆ ಮುಟ್ಟಿ ನೋಡಿಕೊಂಡರು, ನಿಜಕ್ಕೂ ಸುಡುತ್ತಿದೆಯೇನೋ ಎಂದು. ಅಲ್ಲಿಂದಾಚೆ ಅವನು ಬಣ್ಣದ ಹೆಸರು ಕೇಳಲೇ ಇಲ್ಲ. "ಇವತ್ತಿಂದು ಹೇಗಿದೆ?" ಎನ್ನುತ್ತಿದ್ದ. "ಜ್ವರ ಬಂದ ಹಣೆ ಥರ," ಎಂದರೆ ಸಾಕು, ಪೆನ್ಸಿಲು ಓಡುತ್ತಿತ್ತು.

*

ಹನ್ನೊಂದರ ಹೊತ್ತಿಗೆ ಮನೆ ತುಂಬಿತ್ತು. ಅರ್ಧಕ್ಕರ್ಧ ಜನ ಅಣ್ಣನ ಚಿತ್ರದ ಟೀ ಶರ್ಟು ತೊಟ್ಟೇ ಬಂದಿದ್ದರು. ಅವನಿಗೆ ಕಲಿಸಿದ ಡ್ರಾಯಿಂಗ್ ಮೇಷ್ಟ್ರು ಕೋಲೂರಿಕೊಂಡು ಬಂದು, ಶವಪೆಟ್ಟಿಗೆಯ ಪಕ್ಕ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ಬಣ್ಣದ ವಿಷಯಕ್ಕೆ ಬಂದ್ರೆ ಇವನದು ಹದ್ದಿನ ಕಣ್ಣು!"

ತಂಗಿಗೆ ತಡೆಯಲಾಗಲಿಲ್ಲ. "ಇಲ್ಲ ಮೇಷ್ಟ್ರೇ. ಅಣ್ಣಂಗೆ ಕೆಂಪು ಹಸಿರು ಗೊತ್ತಾಗ್ತಿರಲಿಲ್ಲ. ಬಣ್ಣ ನಾನು ಕಲಸ್ತಿದ್ದೆ."

ಹೇಳಿದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡಳು. ಇವತ್ತೇ ಹೇಳಬೇಕಿತ್ತೇ?

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಗೊತ್ತಮ್ಮಾ. ಏಳನೇ ಕ್ಲಾಸಲ್ಲಿ ಕೆಂಪು ಹುಲ್ಲು ಬರೆದುಕೊಂಡು ಬಂದಿದ್ದ. ಯಾರಿಗೂ ಅನುಮಾನ ಬರಬಾರದು ಅಂತಾನೇ ಹೀಗೆ ಹೊಗಳಿಕೊಂಡು ತಿರುಗ್ತಿದ್ದೀನಿ."

ಅತ್ತಿಗೆ ತಲೆಯೆತ್ತಿದಳು. "ನಂಗೂ ಗೊತ್ತಿತ್ತು. ಮದುವೆಯಾದ ವಾರಕ್ಕೇ ನನ್ನ ಹಸಿರು ಕೋಟು ನೋಡಿ, 'ಕೆಂಪು ನಿಂಗೆ ಒಪ್ಪುತ್ತೆ' ಅಂದ್ರು."

"ಮತ್ತೆ ನನ್ಹತ್ರ ಯಾಕೆ ಹೇಳಲಿಲ್ಲ ಅತ್ತಿಗೆ?"

"ಅಣ್ಣ-ತಂಗಿ ಗುಟ್ಟು, ನಾನ್ಯಾಕೆ ಕೈ ಹಾಕ್ಲಿ? ಆದ್ರೆ 'ಅಂಗಡಿ ತಂಗೀದು, ನಾನು ಬರೀ ಗೆರೆ ಎಳೆಯೋನು' ಅಂತ ನಿಮ್ಮಣ್ಣ ದಿನಾ ಅನ್ನೋರು."

ಬೆಳಗಿನಿಂದ ಒಣಗಿದ್ದ ತಂಗಿಯ ಕಣ್ಣು ಆಗ ತುಂಬಿತು. ಒಬ್ಬೊಬ್ಬರಾಗಿ ನೆರೆಯವರೂ ತಲೆಯಾಡಿಸಿದರು. ಎಲ್ಲರಿಗೂ ಗೊತ್ತು, ಯಾರೂ ಯಾರಿಗೂ ಹೇಳಿರಲಿಲ್ಲ.

"ಏನು, ಅವನಿಗೆ ಬಣ್ಣ ತಿಳೀತಿರಲಿಲ್ವಾ?" ಎಂದರು ಚಿಕ್ಕಪ್ಪ. ಸಾವಿನ ಮನೆ ಗೊಳ್ಳೆಂದು ನಕ್ಕಿತು.

ಮಸಣಕ್ಕೆ ಹೊರಟ ವ್ಯಾನು ಓಡಿಸುತ್ತಿದ್ದವನು ಅಣ್ಣನ ಬಾಲ್ಯದ ಗೆಳೆಯ. ಮುಂದಿನ ಸೀಟಿನಲ್ಲಿ ತಂಗಿ, ಅತ್ತಿಗೆ, ಹಿಂದೆ ಪೆಟ್ಟಿಗೆ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ದೀಪ ಬದಲಾಯಿತು. ಗೆಳೆಯ ಗೇರಿಗೆ ಕೈ ಹಾಕಿ, ಕತ್ತನ್ನು ತುಸು ಹಿಂದಕ್ಕೆ, ಪೆಟ್ಟಿಗೆಯತ್ತ ವಾಲಿಸಿ,

"ಹಸಿರು ಬಂತು ಕಣೋ," ಎಂದ. ಗಾಡಿ ಮೆಲ್ಲಗೆ ಮುಂದಕ್ಕೆ ಬಿಟ್ಟ.