ಒಂದು ಚಮಚ ಹೆಪ್ಪು

ಆ ಬೆಳಿಗ್ಗೆ ಕೊಲ್ಲಿಯ ಮಂಜು ಪರದೇಶದ ನೆವಾರ್ಕ್ ಊರಿನ ಮನೆಗಳನ್ನು ಹೊದಿಸಿ ಮಲಗಿಸಿತ್ತು. ಮುನಿರಾಜು ಮೊಸರಿನ ಕುಡಿಕೆ ತೆರೆದು ನೋಡಿದ. ಹಾಲು ಹಾಲಾಗಿಯೇ ಇತ್ತು.

ಹೆಂಡತಿ ಭಾಗ್ಯಮ್ಮ ತವರಿನ ಮೊಸರಲ್ಲಿ ಬಟ್ಟೆ ಅದ್ದಿ, ಒಣಗಿಸಿ ತಂದ ಹೆಪ್ಪು ಅದು. ಅವಳು ತೀರಿಕೊಂಡ ಮೇಲೂ ಅವನು ದಿನಕ್ಕೊಂದು ಚಮಚ ಉಳಿಸಿ ಹೆಪ್ಪು ಹಾಕುತ್ತಿದ್ದ. ನಿನ್ನೆ ಮಾತ್ರ ಮರೆತು ಪೂರ್ತಿ ಉಂಡುಬಿಟ್ಟ. ಕುಡಿಕೆಗೆ ಅಂಟಿದ್ದನ್ನೇ ನೆಚ್ಚಿ ಹಾಲೆರೆದಿದ್ದ.

ಲ್ಯಾಬಿನಲ್ಲಿ ಜೊತೆಗೆ ಪರೀಕ್ಷೆಯ ಮಾದರಿಗಳ ತೂಕ ಮಾಡುವ ಗೌತಮ್ ಕೇಳಿದ, "ಅಂಟಿದ್ದು ಎಷ್ಟಿತ್ತು ಸರ್?"

"ನಮ್ಮ ಮಷೀನಿಗೂ ಸಿಗದಷ್ಟು."

"ಹಂಗಾದ್ರೆ ರಿಪೋರ್ಟಲ್ಲಿ 'ಇಲ್ಲ' ಅಂತ ಬರೀರಿ! ಅಂಗಡಿ ಮೊಸರು ತಗೊಳ್ಳಿ."

ಮುನಿರಾಜು ನಕ್ಕ. ಮಷೀನಿಗೆ ಸಿಗದ್ದಕ್ಕೆಲ್ಲ ಎಷ್ಟೋ ವರ್ಷದಿಂದ ತಾನೇ ಬರೆಯುತ್ತಿದ್ದ ಆ 'ಇಲ್ಲ' ಇವತ್ತು ಎದೆಗೆ ನಾಟಿತು. ಮನೆಯಲ್ಲಿ ಅವಳ ಕೈಯದು ಅಂತ ಜೀವಂತ ಉಳಿದಿದ್ದು ಅದೊಂದೇ.

ಸಂಜೆ ಪಕ್ಕದ ಮನೆಯ ಫಖರುನ್ನಿಸಾ ಬಾಗಿಲಲ್ಲಿ ಸಿಕ್ಕಳು. "ಏನಣ್ಣಾ, ಮುಖ ಸಪ್ಪಗಿದೆ?"

"ಅವಳ ಹೆಪ್ಪು ಮುಗಿದೋಯ್ತು ಕಣಮ್ಮ."

ಅವಳು ಒಳಗೆ ಓಡಿ, ಸ್ಟೀಲಿನ ಬಟ್ಟಲು ಹಿಡಿದು ಬಂದಳು. "ರಂಜಾನಲ್ಲಿ ಭಾಗ್ಯಕ್ಕನ ಹತ್ರ ಒಂದು ಚಮಚ ಹೆಪ್ಪು ಇಸ್ಕೊಂಡಿದ್ದೆ. ಅದರಲ್ಲೇ ಇವತ್ತಿಗೂ ಹಾಕ್ತಿದ್ದೀನಿ. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡಬಾರದು ಅಂತ ಅವರೇ ಹೇಳಿದ್ದು, ಬೇಗ ಹಿಡೀರಿ."

ಅವನು ಕುಡಿಕೆ ಒಡ್ಡಿದ. ಅವಳು ಅಂದು ಪಡೆದಿದ್ದ ಒಂದು ಚಮಚವನ್ನು ಅದರೊಳಗೆ ಇಳಿಸಿದಳು.