ಒಂದು ಗಂಟೆಯ ಹುಲ್ಲು

ತುಂಗೆ ಕಳೆಯ ಗಡ್ಡೆ ಅರ್ಧ ಮೇಲೆ ಬಂದಿತ್ತು, ಇನ್ನರ್ಧ ಮಣ್ಣು ಕಚ್ಚಿಕೊಂಡು ಕೂತಿತ್ತು. ಅವಸರ ಮಾಡಿ ಎಳೆದರೆ ಎಲೆ ಮಾತ್ರ ಕೈಗೆ ಬಂದು ಗಡ್ಡೆ ಒಳಗೇ ಉಳಿಯುತ್ತದೆ, ಒಂದಿದ್ದಲ್ಲಿ ನಾಲ್ಕು ಏಳುತ್ತವೆ ಎಂಬುದು ಅವಳ ಇಪ್ಪತ್ತೆರಡು ವರ್ಷದ ಅನುಭವ. ಎರಡು ಬೆರಳು ಮಣ್ಣಿಗೆ ತೂರಿಸಿ, ಸುತ್ತಲೂ ಮೆಲ್ಲಗೆ ಸಡಿಲಿಸುತ್ತಾ, ಮಂಡಿ ಸರಿಸಿ ಕೂತಳು. ಗಂಟೆ ಆರೂಕಾಲು. ಇನ್ನೂ ಮುಕ್ಕಾಲು ಗಂಟೆ ಅವಳದು.

ಮನೆಯ ಮುಂದಿನ ಈ ಹುಲ್ಲುಹಾಸು ದೊಡ್ಡದೇನಲ್ಲ, ಎರಡು ಕಾರು ನಿಲ್ಲಿಸುವಷ್ಟು ಜಾಗ. ಅದನ್ನು ನೋಡಿ ಇದುವರೆಗೆ ಯಾರೂ ಬೆರಗಾದದ್ದಿಲ್ಲ. ಬೇಸಿಗೆಯಲ್ಲಿ ಅಲ್ಲಲ್ಲಿ ಬೋಳು, ಮಳೆಗಾಲದಲ್ಲಿ ಅಲ್ಲಲ್ಲಿ ಗಡ್ಡ. ಆದರೆ ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ಅವಳು ಅದರ ಮೇಲೆ ಮಂಡಿಯೂರಿ ಕಳೆ ಕೀಳುತ್ತಿದ್ದಳು, ಆ ಒಂದು ಗಂಟೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಯಾರೂ ಬರೆದಿಡದೆ ಎಲ್ಲರೂ ಪಾಲಿಸುತ್ತಿದ್ದ ಕಾನೂನು ಅದು: ಕೈ ಕೆಸರಾದವಳನ್ನು ಕರೆಯುವಂತಿಲ್ಲ. ಫೋನು ಬಂದರೆ "ಅವಳ ಕೈ ಕೆಸರು" ಎಂದು ಗಂಡ ತಾನೇ ಎತ್ತುತ್ತಿದ್ದ. ಅತ್ತೆ ತಮ್ಮ ಕನ್ನಡಕ ತಾವೇ ಹುಡುಕಿಕೊಳ್ಳುತ್ತಿದ್ದರು. ಕಾಲುಚೀಲ ಎಲ್ಲಿದೆ ಎಂಬುದು ಮಗನಿಗೆ ಆ ಒಂದು ಗಂಟೆ ಮಾತ್ರ ಪವಾಡದ ಹಾಗೆ ಹೊಳೆಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವಳಿಗೆ ಮೊಸರು ಬೇಕಿರಲಿಲ್ಲ, ಬಾಯಿಗೆ ಒಂದು ಗಂಟೆ ಬಿಡುವು ಸಿಕ್ಕರೆ ಸಾಕಿತ್ತು.

ಆ ಹೊತ್ತಿನಲ್ಲಿ ಅವಳು ಘನವಾದದ್ದೇನನ್ನೂ ಯೋಚಿಸುತ್ತಿರಲಿಲ್ಲ. ತೀರಿಹೋದ ಅಕ್ಕ ನಗುವಾಗ ಮೂಗು ಮುದುಡುತ್ತಿದ್ದ ರೀತಿ, ಹನ್ನೆರಡು ವರ್ಷದ ಹಿಂದೆ ಸೋತ ಒಂದು ಜಗಳದಲ್ಲಿ ತಾನು ಹೇಳಬೇಕಾಗಿದ್ದ ಮಾತು. ಎಷ್ಟೋ ದಿನ ಅದೂ ಇಲ್ಲ, ಬರೀ ಮಣ್ಣಿನ ವಾಸನೆ.

"ಏಳೇ ಮೇಲೆ, ಏಳು. ಇವತ್ತಿಗೆ ನಿನ್ನ ಸೊಂಟಕ್ಕೆ ಬಿಡುಗಡೆ!"

ಕೆಸರಿನ ಕಾನೂನು ಮುರಿದು ಗಂಡ ಹೊರಗೆ ಬಂದಿದ್ದ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ಇಲಾಖೆ ಅವನನ್ನು ಬಿಟ್ಟಿದ್ದರೂ ಜೇಬಿನಲ್ಲಿನ ಟೇಪು ಅವನನ್ನು ಬಿಟ್ಟಿರಲಿಲ್ಲ. ಹಿಂದೆಯೇ ಚೀಲ ಹೊತ್ತ ಒಬ್ಬ ಮನುಷ್ಯ, ಕೃತಕ ಹುಲ್ಲಿನ ಕಂಪನಿಯವನು. ಚೀಲದಿಂದ ಅಂಗೈಯಗಲದ ಹಸಿರು ತುಂಡುಗಳನ್ನು ತೆಗೆದು, ನಿಜವಾದ ಹುಲ್ಲಿನ ಮೇಲೆ ಒಂದೊಂದಾಗಿ ಇಟ್ಟ.

"ಮೂವತ್ತೈದು ಮಿಲಿಮೀಟರ್ ಎಳೆ, ಅಮ್ಮ. ಬೆಳೆಯಲ್ಲ, ಬಾಡಲ್ಲ, ನೀರು ಕೇಳಲ್ಲ. ಹತ್ತು ವರ್ಷ ಹೀಗೇ ಇರುತ್ತೆ."

ಜಗಲಿಯ ಕುರ್ಚಿಯಿಂದ ಅತ್ತೆಯ ದನಿ ಬಂತು. "ಹತ್ತು ವರ್ಷ ಹೀಗೇ ಇರೋದಾದ್ರೆ ನನಗೂ ಒಂದು ಹೊದಿಸಪ್ಪಾ."

"ಇದು ಅರಮನೆ ಹಸಿರು ಸಾರ್, ಇದು ಸಹಜ ಹಸಿರು. ಸಹಜದಲ್ಲಿ ಮಧ್ಯೆ ಮಧ್ಯೆ ಒಣಗಿದ ಎಳೆನೂ ಸೇರಿಸಿರ್ತೀವಿ. ನೋಡಿದವರಿಗೆ ನಿಜವಾದ್ದೇ ಅನ್ನಿಸಬೇಕಲ್ಲ."

"ಒಣಗಿದ್ದಕ್ಕೂ ದುಡ್ಡಾ?" ಎಂದಳು ಅವಳು.

"ಅದಕ್ಕೇ ಸ್ವಲ್ಪ ಜಾಸ್ತಿ ಅಮ್ಮ."

ಗಂಡ ಆಗಲೇ ಟೇಪು ಬಿಚ್ಚಿದ್ದ. ಇದರ ಬೀಜ ಎಲ್ಲಿಯದು ಎಂಬುದು ಅವಳಿಗೆ ಗೊತ್ತಿತ್ತು. ಎದುರುಮನೆಯ ಹಲ್ಲಿನ ಡಾಕ್ಟರು ಮೂರು ತಿಂಗಳ ಹಿಂದೆ ಇದನ್ನೇ ಹಾಸಿಸಿದ್ದರು. ಅಂದಿನಿಂದ ಗಂಡ ಕಿಟಕಿಯ ಪರದೆ ಸರಿಸಿ ಸರಿಸಿ ನೋಡುವುದೂ ನಿಟ್ಟುಸಿರು ಬಿಡುವುದೂ ನಡೆದೇ ಇತ್ತು. "ಆ ಮನುಷ್ಯ ಹಲ್ಲೂ ಕಟ್ತಾನೆ, ಹುಲ್ಲೂ ಕಟ್ತಾನೆ. ನೀನ್ಯಾಕೋ ಹೊಟ್ಟೆ ಉರ್ಕೋತೀಯ?" ಎಂದು ಅತ್ತೆ ಎರಡು ಸಲ ಕೇಳಿದ್ದರು.

"ರೀ, ನನಗೇನೂ ಕಷ್ಟ ಇಲ್ಲ ಬಿಡಿ. ಇದೇ ಇರಲಿ."

"ನಿನಗೆ ಗೊತ್ತಾಗಲ್ಲ. ಕಷ್ಟ ಅಭ್ಯಾಸ ಆಗ್ಬಿಟ್ಟಿದೆ ನಿನಗೆ. ದಿನಕ್ಕೊಂದು ಗಂಟೆ ಅಂದ್ರೆ ಇಪ್ಪತ್ತೆರಡು ವರ್ಷಕ್ಕೆ ಎಷ್ಟಾಯ್ತು ಲೆಕ್ಕ ಹಾಕು. ಪಾಪ ಅನ್ನಿಸುತ್ತೆ ನನಗೆ."

ಅವನಿಗೆ ನಿಜವಾಗಿಯೂ ಪಾಪ ಅನ್ನಿಸಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಕೋಪದಲ್ಲಿ ಕಿತ್ತುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ನನಗೆ ಇದು ಬೇಕು, ಹುಲ್ಲಲ್ಲ, ಈ ಗಂಟೆ ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಅವಳಿಗೆ ಆಮೇಲೆ ಅನ್ನಿಸಿತು. ಆದರೆ ಹೇಳಿದ ಕ್ಷಣವೇ ಅದು ಕೆಲಸವಾಗಿ ಉಳಿಯುತ್ತಿರಲಿಲ್ಲ, ಖುಷಿ ಎಂದಾಗುತ್ತಿತ್ತು. ಈ ಮನೆಯಲ್ಲಿ ಹೆಂಗಸಿನ ಕೆಲಸಕ್ಕೆ ಯಾರೂ ಅಡ್ಡ ಬರುತ್ತಿರಲಿಲ್ಲ. ಖುಷಿಗಾದರೆ ಎಲ್ಲರೂ ಜೊತೆಗೆ ಬಂದು ಕೂರುತ್ತಿದ್ದರು.

ಎರಡೇ ದಿನದಲ್ಲಿ ಮುಗಿಯಿತು. ಹುಲ್ಲನ್ನು ಮಣ್ಣುಸಮೇತ ಚಾಪೆಯ ಹಾಗೆ ಎತ್ತಿ ಗಾಡಿಗೆ ತುಂಬಿದರು. ಜಲ್ಲಿ ಸುರಿದು, ಮರಳು ಹರಡಿ, ತಟ್ಟಿ ಸಮ ಮಾಡಿ, ಮೇಲೆ ಹಸಿರು ಸುರುಳಿ ಬಿಚ್ಚಿದರು. ಸಹಜ ಹಸಿರು. ಗಂಡ ನಾಲ್ಕು ಮೂಲೆಯಲ್ಲೂ ಎಳೆಯ ಉದ್ದ ಅಳೆದು, ಒಂದು ಕಡೆ ಮೂವತ್ನಾಲ್ಕೇ ಇದೆ ಎಂದು ಕಂಪನಿಯವನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡ. ಒಂದು ಮೈನಾ ಹಕ್ಕಿ ಬಂದು ಕೊಕ್ಕಿನಿಂದ ಎರಡು ಸಲ ಕುಕ್ಕಿತು. ತಲೆ ವಾರೆ ಮಾಡಿ ಮನೆಯವರನ್ನೆಲ್ಲ ಒಮ್ಮೆ ನೋಡಿ, ಊಟಕ್ಕೆ ಕರೆದು ಅವಮಾನ ಮಾಡಿದಿರಲ್ಲ ಎಂಬಂತೆ ಹಾರಿಹೋಯಿತು. ಚಪ್ಪಲಿ ಹಾಕಿ ತುಳಿಯಬಾರದು ಎಂದು ಗಂಡ ಹೊಸ ಕಟ್ಟಳೆ ತಂದ. ನಿಜವಾದ ಹುಲ್ಲನ್ನು ಬೂಟುಗಾಲಲ್ಲಿ ತುಳಿದುಕೊಂಡೇ ಆಫೀಸಿಗೆ ಹೋಗುತ್ತಿದ್ದ ಮಗ ಈಗ ಅದರ ಅಂಚಿನಲ್ಲಿ ಹಗ್ಗದ ಮೇಲೆ ನಡೆಯುವವನ ಹಾಗೆ ಕೈ ಚಾಚಿಕೊಂಡು ಗೇಟು ಸೇರುತ್ತಿದ್ದ.

ಹುಲ್ಲು ಹಾಸಿದ ಮರುದಿನ ಆರು ಗಂಟೆಗೆ ಅವಳು ಅಭ್ಯಾಸಬಲದಿಂದ ಹೊರಗೆ ಬಂದಳು. ಕೀಳುವುದಕ್ಕೆ ಏನೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಸರಿಯಾಗಿ ಎರಡು ನಿಮಿಷ ಕೂತಿರಬಹುದು.

"ಹೇಗೂ ಸುಮ್ನೆ ಕೂತಿದ್ದೀಯಲ್ಲ," ಎನ್ನುತ್ತಾ ಗಂಡ ಕಾಗದ ಪೆನ್ನು ಹಿಡಿದು ಬಂದ. ಪತ್ರಿಕೆಯ ಸಂಪಾದಕರಿಗೆ ವಾರಕ್ಕೊಂದು ದೂರು ಬರೆಯುವುದು ನಿವೃತ್ತಿಯ ನಂತರದ ಅವನ ಉದ್ಯೋಗ. ಅವನ ಅಕ್ಷರ ಅವನಿಗೇ ಓದಲಾಗದು. "ನಾನು ಹೇಳ್ತೀನಿ, ನೀನು ಬರ್ಕೋ. ಮಾನ್ಯರೇ…"

ಮೂರನೆಯ ದಿನ ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಇದೇ ಪ್ರಶಸ್ತ ಸಮಯ ಎಂದು ಕಂಡುಕೊಂಡರು. "ಹೊತ್ತೇರಿದ ಮೇಲೆ ನಿನಗೆ ಬಿಡುವೆಲ್ಲಮ್ಮಾ, ಪಾಪ." ಮಗ ವ್ಯಾಯಾಮಶಾಲೆಗೆ ಸೇರಿದ. "ಅಮ್ಮಾ, ನೀನು ಈಗ ಫ್ರೀ ತಾನೆ? ಆರೂವರೆಗೇ ತಿಂಡಿ ಕೊಟ್ಬಿಡು." ಹಂಚಿಕೆಯಲ್ಲಿ ತಕರಾರು ಬಂದಾಗ ಗಂಡ ಊಟದ ಮೇಜಿನ ಮೇಲೆ ವೇಳಾಪಟ್ಟಿಯನ್ನೇ ಬರೆದ: ಹದಿನೈದು ನಿಮಿಷ ಮಂಡಿಗೆ, ಇಪ್ಪತ್ತು ತಿಂಡಿಗೆ, ಇಪ್ಪತ್ತೈದು ಸಂಪಾದಕರಿಗೆ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗಿತ್ತು ಅದು. ಯಾರ ಆಸ್ತಿ ಎಂದು ಮಾತ್ರ ಯಾರೂ ಕೇಳಲಿಲ್ಲ.

"ಅಂತೂ ನಿನಗೆ ದಿನಕ್ಕೊಂದು ಗಂಟೆ ಉಳೀತು ನೋಡು," ಎಂದ ಗಂಡ ತೃಪ್ತಿಯಿಂದ.

ಮೂರು ವಾರದಲ್ಲಿ ಅವಳು ತನಗೇ ಗುರುತು ಸಿಗದವಳಾದಳು. ಎರಡು ಸಲ ಉಪ್ಪು ಹಾಕಿದಳು, ಎರಡು ಸಲವೂ ಅದೇ ಪಾತ್ರೆಗೆ. ಸುಮ್ಮನೆ ಸದ್ದು ಮಾಡಿದ ಕುಕ್ಕರಿಗೆ "ಬಂದೆ, ಇರು!" ಎಂದು ಗದರಿದಳು. ಅಕ್ಕನ ಮೂಗು ನೆನಪಿಗೆ ಬಂದು ಎಷ್ಟು ದಿನವಾಯಿತು ಎಂದು ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ಹೊಳೆದು, ನಲ್ಲಿ ಹರಿಯುತ್ತಿದ್ದ ಹಾಗೇ ನಿಂತುಬಿಟ್ಟಳು. ಹೊರಗೆ ಗಂಡ ಪ್ಲಾಸ್ಟಿಕ್ ಹುಲ್ಲಿಗೆ ಕೊಳವೆಯಿಂದ ನೀರು ಬಿಡುತ್ತಿದ್ದ. ನೀರು ಕೇಳದ ಹುಲ್ಲು ಮಧ್ಯಾಹ್ನವಾದರೆ ಕಾದ ಹೆಂಚಾಗುತ್ತಿತ್ತು. ಕಾಲಿಟ್ಟವರು ಕುಣಿಯದೆ ದಾಟುವಂತಿರಲಿಲ್ಲ, ಚಪ್ಪಲಿ ಹಾಕುವಂತೆಯೂ ಇರಲಿಲ್ಲ. ಹಾಗಾಗಿ ದಿನಕ್ಕೆರಡು ಸಲ ನೀರು.

"ಇದು ನೀರು ಹಾಕೋದಲ್ಲ, ತಂಪು ಮಾಡೋದು," ಎಂದು ಯಾರೂ ಕೇಳದಿದ್ದರೂ ಅವನು ಹೇಳುತ್ತಿದ್ದ.

ಒಂದು ಭಾನುವಾರ ಹಲ್ಲಿನ ಡಾಕ್ಟರು ಹುಲ್ಲು ನೋಡಲು ಬಂದರು. ಜೊತೆಗೆ ಅವರ ಹೆಂಡತಿಯೂ ಬಂದಳು. ಕ್ಲಿನಿಕ್ಕಿನಲ್ಲಿ ರೋಗಿಗಳ ಸರತಿ ನೋಡಿಕೊಳ್ಳುವವಳು ಅವಳೇ. ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲೂ ಕಾರಿನಲ್ಲೂ ಕಿವಿಗೆ ಫೋನು ಅಂಟಿಸಿಕೊಂಡೇ ಇರುತ್ತಿದ್ದ ಅವಳ ಜೊತೆ ಈಕೆ ಇಷ್ಟು ವರ್ಷದಲ್ಲಿ ಆಡಿದ ಮಾತು ಹತ್ತು ಮೀರಿರಲಿಕ್ಕಿಲ್ಲ. ಡಾಕ್ಟರು ಬಗ್ಗಿ, ಬಾಯೊಳಗೆ ಇಣುಕಿದ ಹಾಗೆ ಹುಲ್ಲಿನೊಳಗೆ ಇಣುಕಿದರು.

"ಇಲ್ಲಿ ಮಲಗಿಬಿಟ್ಟಿದೆಯಲ್ಲ ಸಾರ್, ನಿಮ್ಮದು."

ಗಂಡ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜಾಗ ಅದು. ಎಳೆಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಚಪ್ಪಟೆ. ಗಂಡನ ಮುಖವೂ ಅಷ್ಟೇ ಚಪ್ಪಟೆಯಾಯಿತು.

"ಲೇ, ಆ ಕಂಪನಿಯವನು ಕೊಟ್ಟ ಪುಸ್ತಕ ತಗೊಂಡು ಬಾ. ಏನು ಬರೆದಿದೆ ಓದು."

ಈ ಮನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದದ್ದನ್ನೆಲ್ಲ ಓದುವವಳು ಅವಳೇ. ಅತ್ತೆಯ ಮಾತ್ರೆಗಳ ಚೀಟಿ, ಮಿಕ್ಸಿಯ ಕೈಪಿಡಿ, ವಿಮೆಯ ಷರತ್ತುಗಳು, ಎಲ್ಲ ಅವಳದೇ. ಗಂಡನಿಗೆ ಅಷ್ಟು ಸಣ್ಣದು ಕಾಣದು, ಮಗನಿಗೆ ತಾಳ್ಮೆಯಿಲ್ಲ, ಅತ್ತೆಗೆ ಅದೆಲ್ಲ ಸುಳ್ಳು ಎಂಬ ಗುಮಾನಿ. ಆದರೆ ಅವಳು ಓದಿ ಹೇಳಿದ್ದನ್ನು ಮಾತ್ರ ಮೂವರೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಅಚ್ಚಾದ ಮಾತಲ್ಲವೇ.

ಅವಳು ಕನ್ನಡಕ ಏರಿಸಿ ಪುಟ ತಿರುವಿದಳು. ಆರನೇ ಪುಟದಲ್ಲಿ ಒಂದೇ ಸಾಲಿತ್ತು: ತಿಂಗಳಿಗೊಮ್ಮೆ ಗಟ್ಟಿ ಬ್ರಷ್ಷಿನಿಂದ ಎಳೆಗಳನ್ನು ಎಬ್ಬಿಸಿ, ಹತ್ತು ನಿಮಿಷ ಸಾಕು. ತಲೆಯೆತ್ತಿದಳು. ಗಂಡ, ಅತ್ತೆ, ಮಗ, ಡಾಕ್ಟರು ನಾಲ್ವರೂ ತೀರ್ಪಿಗೆ ಕಾದವರಂತೆ ಅವಳನ್ನೇ ನೋಡುತ್ತಿದ್ದರು. ಡಾಕ್ಟರ ಹೆಂಡತಿಯ ಕಿವಿಯಲ್ಲಿ ಎಂದಿನಂತೆ ಫೋನು.

"ದಿನಾ ಬ್ರಷ್ ಹಾಕಬೇಕಂತೆ," ಎಂದಳು. ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಬಂದ ಮೇಲೆ ನಿಲ್ಲಲೂ ಇಲ್ಲ. "ಬಿಸಿಲೇರೋ ಮುಂಚೆ. ಒಂದು ಗಂಟೆ."

"ದಿನಾನಾ?"

"ಹೌದು, ದಿನಾ."

"ಯಾರನ್ನಾದ್ರೂ ಆಳು ಇಡೋಣ್ವಾ?"

"ಒಬ್ಬರೇ ಹಾಕಬೇಕಂತೆ. ಕೈ ಬದಲಾದ್ರೆ ಎಳೆಗಳ ದಿಕ್ಕು ತಪ್ಪುತ್ತಂತೆ." ಪುಟ ತಿರುವಿದಳು. ಅಲ್ಲಿ ಕಂಪನಿಯ ವಿಳಾಸವಿತ್ತು. "ಆ ಹೊತ್ತಲ್ಲಿ ಬೇರೆ ಯಾರೂ ಹತ್ರ ಓಡಾಡಬಾರದಂತೆ. ಹಾಗೆ ಮಾಡದಿದ್ರೆ ಹತ್ತು ವರ್ಷದ ಗ್ಯಾರಂಟಿ ರದ್ದು."

"ಗ್ಯಾರಂಟಿ ರದ್ದಾ!" ಗಂಡ ಎದೆ ಹಿಡಿದುಕೊಂಡ.

ಅತ್ತೆ ಕಣ್ಣು ಸಣ್ಣದು ಮಾಡಿದರು. "ಬೆಳೆಯಲ್ಲ, ಬಾಡಲ್ಲ ಅಂದಿದ್ದ ಆ ಮಹಾರಾಯ. ಬಾಚಬೇಕು ಅಂತ ಹೇಳಲೇ ಇಲ್ಲವಲ್ಲ?"

ಅವಳು ಪುಸ್ತಕವನ್ನು ತಟ್ಟನೆ ಮುಚ್ಚಿದಳು. ಕಾಪಾಡಿದವರು ಡಾಕ್ಟರು.

"ಇಲ್ಲ ಇಲ್ಲ, ಸರಿಯಾಗೇ ಇದೆ," ಎಂದರು ಗಂಟಲು ಸರಿಮಾಡಿಕೊಂಡು. ಮೊದಲು ಹುಲ್ಲು ಹಾಸಿಸಿದವರು ತಾವು, ತಮಗೆ ತಿಳಿಯದ್ದು ಇವರಿಗೆ ತಿಳಿಯುವುದುಂಟೇ? "ನಮ್ಮಲ್ಲೂ ದಿನಾ ಹಾಕ್ತೀವಲ್ಲ. ಹಲ್ಲಿನ ಹಾಗೇ ಇದು, ದಿನಾ ಉಜ್ಜಲೇಬೇಕು."

ವೇಳಾಪಟ್ಟಿ ಅಂದೇ ಹರಿಯಿತು. ಅತ್ತೆ ಎಣ್ಣೆಯನ್ನು ಸಂಜೆಗೆ ಮುಂದೂಡಿದರು, ಮಗ ತಾನೇ ರೊಟ್ಟಿ ಕಾಯಿಸಿಕೊಳ್ಳಲು ಕಲಿತ, ಸಂಪಾದಕರು ಬದುಕಿಕೊಂಡರು. ಸೋಮವಾರ ಆರಕ್ಕೆ ಅವಳು ಗಟ್ಟಿ ಬ್ರಷ್ಷು ಹಿಡಿದು ಹೊರಗೆ ಬಂದು, ಮಂಡಿಯೂರಿ, ಮೂರ್ಖಳ ಹಾಗೆ ಪ್ಲಾಸ್ಟಿಕ್ಕನ್ನು ಬಾಚತೊಡಗಿದಳು. ಮಣ್ಣಿನ ವಾಸನೆ ಇರಲಿಲ್ಲ, ಹೊಸ ಬಕೆಟ್ಟಿನ ವಾಸನೆ ಇತ್ತು. ಉಗುರಿನ ಸಂದಿಗೆ ಏನೂ ಸೇರಲಿಲ್ಲ. ಆದರೂ ಹತ್ತು ನಿಮಿಷವಾದ ಮೇಲೆ ಒಳಗಿನಿಂದ ಫೋನು ಬಡಿದುಕೊಂಡಾಗ ಗಂಡ "ಅವಳು ಬ್ರಷ್ ಹಾಕ್ತಿದ್ದಾಳೆ" ಎನ್ನುವುದು ಕೇಳಿಸಿತು. ಅವಳು ಬ್ರಷ್ಷನ್ನು ಇನ್ನಷ್ಟು ನಿಧಾನವಾಗಿ ಎಳೆದಳು. ಈ ಗಂಟೆಗೆ ಕೊಟ್ಟ ಬೆಲೆ ಹೆಚ್ಚೇ ಎಂದು ಗೊತ್ತಿತ್ತು, ಕೊಟ್ಟಾಗಿತ್ತು.

ಗುರುವಾರ ತಲೆಯೆತ್ತಿದಾಗ ರಸ್ತೆಯಾಚೆ ಡಾಕ್ಟರ ಹೆಂಡತಿ ಕಂಡಳು. ರಾತ್ರಿಯಂಗಿಯ ಮೇಲೆ ಶಾಲು ಹೊದ್ದು, ತಮ್ಮ ಹುಲ್ಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಬ್ರಷ್ಷು.

ಈಕೆಯ ಬ್ರಷ್ಷು ಅರ್ಧದಲ್ಲೇ ನಿಂತಿತು. ಅಯ್ಯೋ, ಇದು ತನ್ನ ಸುಳ್ಳಿನ ಫಲ. ಡಾಕ್ಟರು ದೊಡ್ಡಸ್ತಿಕೆ ಉಳಿಸಿಕೊಳ್ಳಲು ಹೆಂಡತಿಯನ್ನು ಎಬ್ಬಿಸಿ ಕೂರಿಸಿದ್ದಾರೆ. ಹಗಲಿಡೀ ಊರಿನವರ ಹಲ್ಲುನೋವು ಕೇಳುವವಳ ಒಂದು ಗಂಟೆ ನಿದ್ದೆಯನ್ನು ತಾನು ಕದ್ದ ಹಾಗಾಯಿತಲ್ಲ. ತಿಂಗಳಿಗೊಮ್ಮೆ ಸಾಕು, ಹತ್ತೇ ನಿಮಿಷ ಎಂದು ಈಗಲೇ ಹೋಗಿ ಹೇಳಿಬಿಡಬೇಕು. ಹೇಳಿದರೆ ಮಾತು ಡಾಕ್ಟರಿಗೆ ಹೋಗುತ್ತದೆ, ಡಾಕ್ಟರಿಂದ ಗಂಡನಿಗೆ ಬರುತ್ತದೆ, ಅಲ್ಲಿಗೆ ಈ ಗಂಟೆಯ ಕಥೆ ಮುಗಿಯುತ್ತದೆ. ಮುಗಿಯಲಿ. ಒಬ್ಬಳ ನಿದ್ದೆ ತಿಂದು ತಾನು ಉಸಿರಾಡುವುದೇ?

ಎದ್ದು ಗೇಟಿಗೆ ಬಂದಳು. ಅಗುಳಿಯ ಮೇಲೆ ಕೈಯಿಟ್ಟಳು.

ಎದುರುಮನೆಯ ಒಳಗಿನಿಂದ ಡಾಕ್ಟರ ದನಿ ಕೇಳಿತು. "ಎಲ್ಲಿದ್ದೀಯೇ? ಯಾರೋ ಫೋನ್ ಮಾಡ್ತಿದ್ದಾರೆ ನೋಡು!"

"ಬ್ರಷ್ ಹಾಕ್ತಿದ್ದೀನಿ ಕಣ್ರೀ!" ಎಂದು ಅವಳು ತಿರುಗಿಯೂ ನೋಡದೆ ಕೂಗಿದಳು.

ಬ್ರಷ್ಷು ಅವಳ ತೊಡೆಯ ಮೇಲಿತ್ತು, ಅಲ್ಲಾಡುತ್ತಿರಲಿಲ್ಲ. ಕಿವಿಯಲ್ಲಿ ಫೋನಿರಲಿಲ್ಲ. ಬರಿಗಾಲನ್ನು ಹಸಿರಿನ ಮೇಲೆ ಉದ್ದಕ್ಕೆ ಚಾಚಿ, ಗೋಡೆಗೊರಗಿ, ಅರೆಗಣ್ಣು ಮುಚ್ಚಿದ್ದಳು. ಮುಖದ ಮೇಲೆ ಇನ್ನೂ ಕಾಯದ ಬಿಸಿಲಿತ್ತು. ಇಷ್ಟು ವರ್ಷದಲ್ಲಿ ಆ ಮುಖ ಮಾತಾಡದೆ ಇದ್ದದ್ದನ್ನು ಈಕೆ ನೋಡುತ್ತಿದ್ದುದು ಇದೇ ಮೊದಲು.

ಅಗುಳಿಯಿಂದ ಕೈ ತೆಗೆದಳು. ಸದ್ದಾಗದಂತೆ ಹಿಂದೆ ಸರಿದು, ತನ್ನ ಜಾಗಕ್ಕೆ ಬಂದು ಕೂತಳು. ಆರನೇ ಪುಟದಲ್ಲಿ ಏನಿದೆ ಎಂಬುದು ಗಂಡನಿಗಾಗಲಿ, ಆ ಹೆಂಗಸಿಗಾಗಲಿ, ಇನ್ನು ಯಾರಿಗೂ ತಿಳಿಯಬೇಕಾಗಿಲ್ಲ ಎಂದು ತೀರ್ಮಾನಿಸಿದಳು. ಏಳಾಗಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು.