ಕೊನೆಯ ಹರದೇಶಿ

ತಿಕೋಟಾ, ಬಬಲೇಶ್ವರದ ಸುತ್ತಲಿನ ಊರುಗಳನ್ನು ತಿರುಗಿ, ಗೀಗೀ ಪದಗಳ ಕುರಿತು ವಿಶಾಖಾ ಬರೆದ ವರದಿಯ ಮೊದಲ ವಾಕ್ಯ ಹೀಗಿತ್ತು: ‘ಈ ಭಾಗದಲ್ಲಿ ಗೀಗೀ ಮೇಳಗಳು ಇಂದಿಗೂ ಹುರುಪಿನಿಂದ ಹಾಡುತ್ತಿವೆ.’ ಅವಳ ಮಾರ್ಗದರ್ಶಕ ಡಾ. ಪ್ರತಾಪ ವಿಜಯಪುರದ ತಮ್ಮ ಕೋಣೆಯಲ್ಲಿ ಕೂತು ಆ ವಾಕ್ಯದ ಮೇಲೆ ಕೆಂಪು ಗೆರೆ ಎಳೆದರು.

“ಹುರುಪಿಲೆ ಹಾಡಾಕತ್ತಿದ್ರ ನಿನ್ನ ಸಂಶೋಧನಾ ಯಾರಿಗೆ ಬೇಕವಾ? ಯೋಜನೆ ಹೆಸರು ‘ಅಳಿವಿನಂಚಿನ ಕಲೆಗಳು’. ಅಳಸು. ಇಲ್ಲಾಂದ್ರ ಪಿಎಚ್‌ಡಿ ಮರತಬಿಡು.”

ವರ್ಷಗಟ್ಟಲೆ ದುಡಿದದ್ದು ಮಣ್ಣಾಗುತ್ತದಲ್ಲ ಎಂದು ವಿಶಾಖಾ ಅಳಿಸುತ್ತ ಹೋದಳು. ಮಮದಾಪುರದ ಮೇಳ ಅಡಿಟಿಪ್ಪಣಿಗೆ ಇಳಿಯಿತು. ಬಿಜ್ಜರಗಿಯದು ಅಲ್ಲಿಂದಲೂ ಜಾರಿತು. ಕಡೆಗೆ ತಿಕೋಟಾದ ಯಲ್ಲಾಲಿಂಗ ಒಬ್ಬನೇ ಉಳಿದ: ‘ಕೊನೆಯ ಹರದೇಶಿ ಗಾಯಕ.’

ವರದಿ ಒಪ್ಪಬೇಕಾದ ಸಮಿತಿಗೆ ಆ ಕೊನೆಯವನನ್ನು ಕಣ್ಣಾರೆ ಕಾಣುವ ಆಸೆಯಾಯಿತು. ಅವರು ಬರುವ ದಿನ ಪ್ರತಾಪ ವಿಶಾಖಾಳೊಂದಿಗೆ ಮುಂಜಾನೆಯೇ ತಿಕೋಟಾಕ್ಕೆ ಹೋಗಿ ಯಲ್ಲಾಲಿಂಗನ ಎದುರು ಕೂತರು.

“ನೀವೊಬ್ರ ಹಾಡ್ಬೇಕ್ರಿ. ಈ ಹುಡುಗಿ ಡಿಗ್ರಿ ನಿಮ್ಮ ಕೈಯಾಗ ಐತಿ.”

“ಒಬ್ಬನ ಹ್ಯಾಂಗ ಹಾಡ್ಲಿರಿ ಸಾಹೇಬ್ರ? ಹರದೇಶಿಯವ ನಾ ಗಂಡು ಹೆಚ್ಚು ಅಂತೀನಿ, ನಾಗೇಶಿಯಾಕಿ ಹೆಣ್ಣು ಹೆಚ್ಚು ಅಂತಾಳ. ಆಕಿ ಇಲ್ಲಂದ್ರ ಯಾರ ಕೂಡ ವಾದಾ ಮಾಡ್ಲಿ, ಎಮ್ಮಿ ಕೂಡ?”

“ಎಮ್ಮಿನೂ ನಡೀತೈತ್ರಿ.”

ಸಮಿತಿಯವರನ್ನು ನೋಡಲು ಬಂದು ಕಟ್ಟೆಯ ಮೇಲೆ ಕೂತಿದ್ದ ಬಿಜ್ಜರಗಿಯ ನಾಗೇಶಿ ಗಾಯಕಿ ತಿಪ್ಪವ್ವನನ್ನು ಅಡಿಗೆಮನೆಗೆ ಸಾಗಿಸಲಾಯಿತು. ವಿಶಾಖಾ ಅವಳ ಕೈ ಹಿಡಿದಳು. “ಯವ್ವಾ, ಇವತ್ತೊಂದಿನ ಸುಮ್ಮ ಇರ ಬೇ.”

“ಆತ ತಗೋ ನನ್ನವ್ವಾ. ನಿನ್ನ ಸಲುವಾಗಿ ಸತ್ತಂಗ ಇರತೀನಿ.”

ಸಮಿತಿ ಬಂದು ಜಮಖಾನದ ಮೇಲೆ ಕೂತಿತು. ಯಲ್ಲಾಲಿಂಗ ದಪ್ಪು ಬಡಿದು ಸವಾಲು ಎಸೆದ:

“ಬೀಜ ಬೀಳದ ಹೊಲದಾಗ ಏನ ಬೆಳದೀತ, ಹೇಳವ್ವ ನಾಗೇಶಿ ಜಾಣಿ?”

ಯಾರೂ ಉತ್ತರಿಸಲಿಲ್ಲ. ಅಧ್ಯಕ್ಷೆ ಸುಮಂಗಲಾ ಮೇಡಂ ಕಣ್ಣೊರೆಸಿಕೊಂಡು ಆ ಮೌನವನ್ನೂ ಬರೆದುಕೊಂಡರು. ಪ್ರತಾಪರ ಮುಖ ಅರಳಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹಾಡಿನ ಅಮಲೇರಿದ ಯಲ್ಲಾಲಿಂಗ ರೂಢಿಯಂತೆ ಎದುರಾಳಿಯನ್ನು ಕೆಣಕಿದ:

“ಸೋತಾಳ ನಾಗೇಶಿ, ಸೆರಗಿಲೆ ಮಾರಿ ಮುಚ್ಯಾಳ!”

ಗೀಗೀ ಹಾಡುವವರಿಗೆ, ಕೇಳಿದ ಸವಾಲಿಗೆ ಜವಾಬು ಕೊಡದೆ ಉಳಿಯುವುದೆಂದರೆ ದೇವರ ಮುಂದಿನ ದೀಪವನ್ನು ಊದಿ ಆರಿಸಿದಂತೆ. ಒಳಗೆ ಪಾತ್ರೆ ಬಿದ್ದ ಸಪ್ಪಳ. ಹಿಟ್ಟಿನ ಕೈಯಲ್ಲೇ ತಿಪ್ಪವ್ವ ಹೊಸ್ತಿಲು ದಾಟಿದಳು.

“ಹೊಲಾ ಸಿಗದ ಬೀಜ ಗುಬ್ಬಿ ತಿಂದ ಹೋದೀತ, ಕೇಳಪ್ಪ ಹರದೇಶಿ ಜಾಣ!”

ಸಮಿತಿಯನ್ನು ನೋಡಲು ಬಾಗಿಲಾಚೆ ನೆರೆದವರೆಲ್ಲ ‘ಗೀ ಗೀ’ ಎಂದು ದನಿಗೂಡಿಸಿದರು. ಅವರ ನಡುವಿದ್ದ ಮಮದಾಪುರದ ಮೇಳದವರು ತಾಳದ ಸಮೇತ ಒಳಗೆ ಬಂದರು. ಎಲ್ಲಿತ್ತೋ ಏನೋ, ಒಂಟಿ ತಂತಿಯ ತುಂತುಣಿಯೂ ಒಂದು ಬಂತು.



“ಈಕಿ ಯಾರು?” ಎಂದರು ಸುಮಂಗಲಾ ಮೇಡಂ.

“ಕೊನೆಯ ನಾಗೇಶಿರಿ ಮೇಡಂ,” ಪ್ರತಾಪ ಕಣ್ಣು ಮಿಟುಕಿಸಲಿಲ್ಲ.

“ಮತ್ತ ಇವರೆಲ್ಲಾ?”

“ಕೊನೆಯ ಹಿಮ್ಮೇಳ.”

“ಇಷ್ಟು ಮಂದಿ ಇದ್ದಾಗ ಅಳಿವು ಹ್ಯಾಂಗ್ರಿ ಸರ್?”

“ಅದ ಗಂಭೀರ ವಿಷಯ ಮೇಡಂ. ಎಲ್ಲಾರೂ ಒಮ್ಮೆಗೇ ಅಳೀತಾರ.”

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ದೃಷ್ಟಿಕೋನ ಹೊಸದು ಎಂದರು ಒಬ್ಬರು. ಇನ್ನೊಂದು ಯೋಜನೆಗೇ ಸಾಕಾಗುವಷ್ಟಿದೆ ಎಂದರು ಮತ್ತೊಬ್ಬರು. ವರದಿಯ ಕೊನೆಯ ವಾಕ್ಯವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಟ್ಟರೆ ಇಲ್ಲೇ ಒಪ್ಪಿಗೆ ಎಂದರು ಮೇಡಂ.

ಪ್ರತಾಪ ವಿಶಾಖಾಳನ್ನು ಜೀಪಿಗೆ ಕರೆದೊಯ್ದು ಬರೆಸತೊಡಗಿದರು: “ಈ ನೆಲದಲ್ಲಿ ಗೀಗೀ ಪದದ ದನಿ ಪೂರ್ತಿ...”

“ಕೇಳಸಲಿಲ್ಲ ಸರ್. ಹಾಡು ಜೋರಾಗೇತ್ರಿ.”

“ಕಿಡಕಿ ಗ್ಲಾಸ್ ಏರಸು,” ಎಂದರು ಪ್ರತಾಪ. ಅವಳು ಏರಿಸಿದಳು. “ಬರಿ, ಪೂರ್ತಿ ಅಡಗಿಹೋಗಿದೆ.”

ಬರೆದಳು.